ಕ್ಲಿಕ್ ಎಂದರೆ ಕಣ್ಣು ಮುಚ್ಚುತ್ತಿದ್ದವಳು

ಇಂಥದ್ದನ್ನೆಲ್ಲ ನಾನು ನಂಬುತ್ತಿರಲಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ತೀರಿಕೊಂಡ ಅಜ್ಜಿ ನಕ್ಕಂತಾಯಿತು ಎಂದು ಗಿರಾಕಿಗಳು ಹೇಳಿದರೆ ಒಳಗೊಳಗೇ ನಗು ಬರುತ್ತಿತ್ತು. ಆ ಅಜ್ಜಿಯನ್ನು ನಗಿಸಿದವನು ನಾನೇ. ತುಟಿಯ ಅಂಚನ್ನು ಮೌಸಿನಿಂದ ಒಂದಿಷ್ಟು ಮೇಲಕ್ಕೆ ಎಳೆದಿರುತ್ತಿದ್ದೆ, ಅಷ್ಟೆ.

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ ಕೆಲಸ ಸೀಸನ್ನಿನಲ್ಲಿ ಬರುತ್ತದೆ, ತಿಥಿಯ ಫೋಟೋ ವರ್ಷವಿಡೀ. ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಬರುವವರ ಬಳಿ ಸತ್ತವರ ಒಂಟಿ ಫೋಟೋ ಇರುವುದು ಅಪರೂಪ. ಯಾರದೋ ನಾಮಕರಣದ ಗುಂಪಿನ ಚಿತ್ರ ತಂದು, ಇವರೇ ನೋಡಿ ಎಂದು ಬೆರಳಿಡುತ್ತಾರೆ. ಆ ಮುಖದ ಸುತ್ತ ಗೆರೆ ಎಳೆದು ಕತ್ತರಿಸಿ ಬೇರೆ ಲೇಯರಿಗೆ ಹಾಕಬೇಕು. ಹಿಂದೆ ನೀಲಿ ಬಣ್ಣ, ಕೆಳಗೆ ಮೊದಲೇ ಸಿದ್ಧವಿರುವ ಕೋಟು ಅಥವಾ ರೇಷ್ಮೆ ಸೀರೆ. ಲೇಯರ್ ಎಂದರೆ ಗಾಜಿನ ಹಾಳೆಯಿದ್ದಂತೆ. ಒಂದರ ಮೇಲೊಂದು ಇಟ್ಟರೆ ಎಲ್ಲ ಸೇರಿ ಒಂದೇ ಚಿತ್ರವಾಗಿ ಕಾಣುತ್ತದೆ. ಬೇಡವಾದರೆ ಮೇಲಿನದನ್ನು ತೆಗೆದುಬಿಡಬಹುದು, ಅಡಿಯದು ಹಾಗೇ ಉಳಿದಿರುತ್ತದೆ. ನಮ್ಮ ಕಡೆ ಒಂದು ಮಾತು ಮಾತ್ರ ಎಲ್ಲರೂ ಹೇಳಿಯೇ ಹೋಗುತ್ತಾರೆ: ಹಾರ ಹಾಕುವ ಫೋಟೋದಲ್ಲಿ ಕಣ್ಣು ತೆರೆದಿರಬೇಕು.

ನನ್ನ ಹೆಂಡತಿ ಸುಮಿತ್ರ ಜ್ವರವೆಂದು ಆಸ್ಪತ್ರೆಗೆ ಹೋದವಳು ಮನೆಗೆ ಮರಳಲಿಲ್ಲ. ಆಗ ಗೊತ್ತಾಯಿತು, ಊರಿನವರ ಫೋಟೋವೆಲ್ಲ ತೆಗೆದ ನನ್ನ ಬಳಿ ಅವಳು ಕಣ್ಣು ಬಿಟ್ಟಿರುವ ಒಂದು ಚಿತ್ರವೂ ಇರಲಿಲ್ಲ. ಮದುವೆಯ ಆಲ್ಬಂ ಬೂಸ್ಟು ಹಿಡಿದು ಹಾಳೆಗಳು ಅಂಟಿಕೊಂಡಿದ್ದವು. ಆಧಾರ್ ಕಾರ್ಡಿನ ಚಿತ್ರ ಹಿಗ್ಗಿಸಿದರೆ ಕಣ್ಣಿನ ಜಾಗದಲ್ಲಿ ಎರಡು ಮಸಿ ಮಚ್ಚೆ. ಉಳಿದವೆಲ್ಲ ನಾನು ತೆಗೆದವು, ಎಲ್ಲದರಲ್ಲೂ ಕಣ್ಣು ಮುಚ್ಚಿದ್ದಳು. ನಾನು ಬೈದರೆ, "ನೀವು ಒತ್ತೋದು ನಂಗೆ ಮೊದ್ಲೇ ಗೊತ್ತಾಗ್ತದೆ ಮಾರಾಯ್ರೇ, ರೆಪ್ಪೆ ತಾನಾಗೇ ಬೀಳ್ತದೆ" ಎನ್ನುತ್ತಿದ್ದಳು.

ಇಂಥ ಮುಖಗಳಿಗೆ ನಾವು ಮನೆಯವರದೇ ಕಣ್ಣು ತಂದು ಕೂರಿಸುತ್ತೇವೆ. ಅವಳ ತಂಗಿ ಗೌರಿಯದೂ ಅದೇ ಆಕಾರದ ಕಣ್ಣು. ಸುಮಿತ್ರಳ ಎಡಗಣ್ಣಿನ ಬಿಳಿಯಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆಯಿತ್ತು, ಗೌರಿಗೆ ಅದಿರಲಿಲ್ಲ. ಅಷ್ಟು ಯಾರು ನೋಡುತ್ತಾರೆ ಎಂದುಕೊಂಡೆ. ಗೌರಿಯ ಕಣ್ಣು ಜೋಡಿಸಿ, ಅಂಚು ಮಸುಕು ಮಾಡಿ, ಹಣೆಗೆ ವಿಭೂತಿ ಎಳೆದೆ. ಕೆಲಸ ಚೆನ್ನಾಗಿಯೇ ಆಗಿತ್ತು.

ಸುಮಿತ್ರಳ ತಿಥಿಗೆ ನಮ್ಮಲ್ಲಿ ಮಾಡುವ ಶಿವಗಣಾರಾಧನೆಯ ಹಿಂದಿನ ದಿನ ಗೌರಿ ಸ್ಟುಡಿಯೋಗೆ ಬಂದಳು. ಕಂಪ್ಯೂಟರಿನ ಪರದೆಗೆ ಬಗ್ಗಿ ನೋಡಿ ಕೇಳಿದಳು:

"ಭಾವ, ಅಲ್ಲಿಂದ ನಾನೇ ನನ್ನ ನೋಡ್ತಿದೀನಲ್ಲ. ನಾಳೆ ಹಾರ ಯಾರಿಗೆ ಹಾಕ್ತೀರಿ?"

ಅವಳು ಹೋದ ಮೇಲೆ ಅವಳ ಕಣ್ಣಿದ್ದ ಲೇಯರನ್ನು ಅಳಿಸಿಬಿಟ್ಟೆ. ಅಡಿಯಲ್ಲಿ ಸುಮಿತ್ರಳ ಮುಚ್ಚಿದ ಕಣ್ಣು ಹಾಗೇ ಇತ್ತು. ಯಾರು ಏನೇ ಅನ್ನಲಿ, ಇದ್ದಂತೆಯೇ ಇರಲಿ ಎಂದು ಪ್ರಿಂಟ್ ಕೊಟ್ಟೆ. ಹೊರಗೆ ಇನ್ನೂ ಬಿಸಿಲಿತ್ತು. ಕಳಸದ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದುದು ಕೇಳಿಸುತ್ತಿತ್ತು.

ಪ್ರಿಂಟರ್ ಕಾಗದವನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತದೆ. ಬೈತಲೆ ಬಂತು, ವಿಭೂತಿ ಬಂತು, ಹುಬ್ಬು ಬಂತು. ಆಮೇಲೆ ಕಣ್ಣು ಬಂತು. ತೆರೆದಿತ್ತು. ಎಡಗಣ್ಣಿನ ಬಿಳಿಯಲ್ಲಿ ಆ ಚುಕ್ಕೆಯಿತ್ತು.

ತಿರುಗಿ ಪರದೆ ನೋಡಿದೆ. ಅಲ್ಲಿ ಕಣ್ಣು ಮುಚ್ಚಿಯೇ ಇತ್ತು. ಅದೇ ಫೈಲಿನಿಂದ ಇನ್ನೊಂದು ಪ್ರಿಂಟ್ ತೆಗೆದೆ. ಅದರಲ್ಲಿ ಮುಚ್ಚಿತ್ತು. ಹಳೆಯ ಮೆಮೊರಿ ಕಾರ್ಡುಗಳನ್ನೆಲ್ಲ ಹಾಕಿ ಹುಡುಕಿದೆ. ನಾನೇ ಮರೆತ ಚಿತ್ರವೊಂದು ಹೇಗೋ ಸೇರಿಕೊಂಡಿರಬೇಕು ಎಂಬ ಆಸೆ. ಎಲ್ಲದರಲ್ಲೂ ಅದೇ ಬಿದ್ದ ರೆಪ್ಪೆ.

ಮರುದಿನ ಆ ಮೊದಲ ಪ್ರಿಂಟಿಗೇ ಕಟ್ಟು ಹಾಕಿಸಿ ಇಟ್ಟೆವು. ಬಂದವರು ಕೈ ಮುಗಿದು ಊಟಕ್ಕೆ ಹೋದರು. ಗೌರಿ ಬಹಳ ಹೊತ್ತು ನೋಡಿ, "ಈಗ ಅಕ್ಕನೇ ಬಂದಂಗಾಯ್ತು. ಮೊದ್ಲೇ ಹಿಂಗೆ ಮಾಡೋದಲ್ವಾ ಭಾವ" ಎಂದಳು. ನಾನು ಮಾಡಿದ್ದಲ್ಲ ಎಂದು ಅವಳಿಗೆ ಇವತ್ತಿಗೂ ಹೇಳಿಲ್ಲ.

ಕೆಲಸ ಗೊತ್ತಿರುವವರನ್ನು ಬೇರೆಯವರ ವಿಷಯವೆಂಬಂತೆ ಕೇಳಿದ್ದೇನೆ. ಒಬ್ಬರು ಪ್ರಿಂಟರಿನ ನೆನಪಿನಲ್ಲಿ ಹಳೆಯದು ಉಳಿದಿರಬಹುದು ಎಂದರು. ಉಳಿದಿದ್ದರೆ ಗೌರಿಯ ಕಣ್ಣು ಉಳಿದಿರಬೇಕಿತ್ತು. ಆ ಚುಕ್ಕೆ ಎಲ್ಲಿಂದ ಬಂತು?

ಗೌರಿ ತನಗೂ ಒಂದು ಪ್ರತಿ ಬೇಕೆಂದು ಕೇಳುತ್ತಲೇ ಇದ್ದಾಳೆ. ಫೈಲಿನಲ್ಲಿ ಇರುವುದು ಮುಚ್ಚಿದ ಕಣ್ಣು. ಗೋಡೆಯ ಮೇಲಿನದನ್ನೇ ಕ್ಯಾಮೆರಾದಲ್ಲಿ ತೆಗೆದುಕೊಡಬೇಕು. ಮೊನ್ನೆ ಅದನ್ನು ಇಳಿಸಿ, ಗಾಜು ಒರೆಸಿ, ಕಿಟಕಿಯ ಬೆಳಕಿಗೆ ನಿಲ್ಲಿಸಿ ಫೋಕಸ್ ಮಾಡಿದೆ. ಅವಳು ನೇರ ನನ್ನನ್ನೇ ನೋಡುತ್ತಿದ್ದಳು. ಬೆರಳು ಬಟನ್ ಮೇಲಿತ್ತು. ನಾನು ಒತ್ತುವುದು ಅವಳಿಗೆ ಮೊದಲೇ ಗೊತ್ತಾಗುತ್ತದೆ. ಕ್ಯಾಮೆರಾ ಕೆಳಗಿಟ್ಟು, ಫೋಟೋವನ್ನು ಮತ್ತೆ ಮೊಳೆಗೆ ತೂಗುಹಾಕಿದೆ.