ಬೂಟಿಲ್ಲದ ಹನ್ನೊಂದು ಮಂದಿ

ಜೀವನದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ ಕಥೆ ಸುಳ್ಳೆಂದು ಗೊತ್ತಾಗಿ ಸುಮಾರು ಎರಡು ವರ್ಷವಾಯಿತು. ಮದುವೆ ಮನೆಗಳಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ಗುರುತಿಲ್ಲದವರಿಗೆ ಹೇಳಿದ್ದೇನೆ, ನನ್ನ ಮಕ್ಕಳಿಗಂತೂ ಬೇಡವೆಂದರೂ ಹೇಳಿದ್ದೇನೆ. ಹೇಳಿದ್ದು ನಾನು, ಆದರೆ ಸುಳ್ಳು ನನ್ನದಲ್ಲ. ಸಿಟ್ಟು ಇನ್ನೂ ಇಳಿಯದಿರುವುದು ಅದಕ್ಕೇ.

ಬಸವಕಲ್ಯಾಣದ ಹೈಸ್ಕೂಲಿನಲ್ಲಿ ನಮಗೆ ಫುಟ್‌ಬಾಲ್ ಕಲಿಸಿದವರು ನಮ್ಮ ಡ್ರಿಲ್ ಮಾಸ್ತರು. ಊರಿಗೆ ಊರೇ ಕ್ರಿಕೆಟ್ಟಿನ ಹುಚ್ಚಿನಲ್ಲಿದ್ದಾಗ ಅವರೊಬ್ಬರು ಈ ಆಟ ಹಿಡಿದುಕೊಂಡು ಕೂತಿದ್ದರು. ಕೆಂಪು ಗರಸಿನ ಮೈದಾನ ನಮ್ಮದು, ಬಿದ್ದರೆ ಮೊಣಕಾಲು ಸುಲಿಯುವುದು ಗ್ಯಾರಂಟಿ. ಮಠದ ಬಾಗಿಲಲ್ಲಿ ಬಿಡುವ ಹಾಗೆ ಮೈದಾನದ ಅಂಚಿಗೆ ಚಪ್ಪಲಿಗಳನ್ನು ಸಾಲಾಗಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗಬೇಕು ಎಂಬುದು ಅವರ ಕಟ್ಟಳೆ. ಬೇರೆ ಯಾವ ಊರಿನಲ್ಲೂ ನಾನು ಅದನ್ನು ಕಂಡಿಲ್ಲ. ನಮಗೆ ಮಾತ್ರ ಆಟವೆಂದರೆ ಅದೇ ಆಗಿತ್ತು.

ಆ ಕಟ್ಟಳೆಗೆ ಅವರ ಹತ್ತಿರ ಒಂದು ಕಾರಣವೂ ಇತ್ತು. ವಾರಕ್ಕೊಮ್ಮೆಯಾದರೂ ಅದನ್ನು ಹೇಳುತ್ತಿದ್ದರು.

"ಐವತ್ತನೇ ಇಸವ್ಯಾಗ ಬ್ರೆಜಿಲ್ ದೇಶಕ್ಕ ವರ್ಲ್ಡ್ ಕಪ್ ಆಡಾಕ ನಮ್ಮ ದೇಶದವರನ್ನ ಕರದಿದ್ರು. ಬೂಟ್ ಹಾಕ್ಕೊಂಡು ಬರ್ರಿ ಅಂದ್ರು. ನಮ್ಮವರು ಏನಂದ್ರು? ನಾವು ಬರಿಗಾಲಿಲೆ ಆಡೋರು, ಬರಿಗಾಲಿಲೆ ಆಡ್ತೀವಿ, ಆಗಂಗಿಲ್ಲಂದ್ರ ನಿಮ್ಮ ಕಪ್ ನೀವೇ ಇಟ್ಕೋರಿ ಅಂದ್ರು."

ಇದನ್ನು ಕೇಳಿದಾಗಲೆಲ್ಲ ನಮಗೆ ಮೈ ಜುಮ್ಮೆನ್ನುತ್ತಿತ್ತು. ಲಂಡನ್ ಒಲಿಂಪಿಕ್ಸಿನಲ್ಲಿ ಬರಿಗಾಲಿನವರು ಫ್ರಾನ್ಸಿಗೆ ಬೆವರಿಳಿಸಿದ್ದು, ಏಷ್ಯನ್ ಗೇಮ್ಸಿನಲ್ಲಿ ಎರಡು ಸಲ ಚಿನ್ನ ತಂದದ್ದು, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾಗಿ ನಿಂತದ್ದು, ಎಲ್ಲವೂ ಅವರ ಬಾಯಲ್ಲಿತ್ತು. ಸೋಲಿನ ಸುದ್ದಿ ಮಾತ್ರ ಅವರು ಎತ್ತುತ್ತಿರಲಿಲ್ಲ. ನಾವೂ ಕೇಳಲಿಲ್ಲ.

ನಾನು ಹತ್ತನೇ ಇಯತ್ತೆಯಲ್ಲಿದ್ದಾಗ ಹುಮನಾಬಾದಿನಲ್ಲಿ ಟೂರ್ನಮೆಂಟು ನಿಗದಿಯಾಯಿತು. ನಮ್ಮ ಶಾಲೆಯ ಹೆಸರೂ ಸೇರಿತು. ಎರಡು ತಿಂಗಳು ನಾವು ಬೇರೆ ಏನನ್ನೂ ಮಾಡಲಿಲ್ಲ. ಕೊಹಿನೂರಿನಿಂದ, ಗೋರ್ಟಾದಿಂದ ಬರುವ ಹುಡುಗರು ಕಡೇ ಬಸ್ಸು ತಪ್ಪಿದರೂ ಆಡಿಯೇ ಹೋಗುತ್ತಿದ್ದರು. ಆಟದ ಹಿಂದಿನ ದಿನ ಮಾಸ್ತರು ಹುಮನಾಬಾದಿಗೆ ಹೋಗಿ ಬಂದು ನಮ್ಮನ್ನು ಮೈದಾನದಲ್ಲಿ ಕೂರಿಸಿದರು.

"ಬೂಟಿಲ್ಲದವರಿಗೆ ಆಡಸಂಗಿಲ್ಲ ಅಂದ್ರು," ಎಂದರು. "ನಮ್ಮ ದೇಶಕ್ಕ ಆದದ್ದೇ ನಿಮಗೂ ಆಯ್ತು. ಇದು ಮಾನದ ಮಾತು, ಯಾರೂ ಅಳಬ್ಯಾಡ್ರಿ. ಇಜ್ಜತ್ ಇಲ್ಲದ ಕಡೆ ಆಟ ನೋಡಾಕನೂ ಹೋಗಬ್ಯಾಡ್ರಿ."

ನಮ್ಮಪ್ಪನದು ಬಟ್ಟೆ ಅಂಗಡಿ. ಹನ್ನೊಂದೂ ಮಂದಿಗೆ ಕ್ಯಾನ್ವಾಸ್ ಬೂಟು ಆ ಸಂಜೆಯೇ ತರಿಸಿ ಕೊಡುತ್ತೇನೆಂದರು. ಬೇಡವೆಂದು ಹಟ ಹಿಡಿದವನು ನಾನೇ. ಬೂಟು ಹಾಕಿಕೊಂಡು ಹೋದರೆ ಬ್ರೆಜಿಲ್ಲಿಗೆ ಹೋಗದವರ ಮರ್ಯಾದೆ ಕಳೆದ ಹಾಗೆ ಎಂದು ಅಪ್ಪನ ಎದುರೇ ಭಾಷಣ ಬಿಗಿದೆ. ಅವರು ನಕ್ಕು ಸುಮ್ಮನಾದರು. ಆ ವರ್ಷ ಶಾಲೆ ಮುಗಿಯಿತು, ತಂಡವೂ ಮುಗಿಯಿತು. ಮುಂದೆ ನಾನು ಯಾವ ಪಂದ್ಯವನ್ನೂ ಆಡಲಿಲ್ಲ. ಆದರೂ ಬೇಸರವಿರಲಿಲ್ಲ. ನಮ್ಮನ್ನು ಯಾರೂ ಸೋಲಿಸಿರಲಿಲ್ಲ, ತಡೆದಿದ್ದರು ಅಷ್ಟೇ. ಒಬ್ಬ ಮನುಷ್ಯ ಎದೆ ಎತ್ತಿ ನಡೆಯಲು ಅಷ್ಟು ಸಾಕಾಗುತ್ತದೆ ಎಂಬುದು ನನ್ನ ಅನುಭವ.

ಈಗ ನಾನಿರುವುದು ಅದೇ ಹುಮನಾಬಾದಿನಲ್ಲಿ. ಪೈಪು, ಮೋಟಾರುಗಳ ಅಂಗಡಿ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಪಕ್ಕದ ಟೈರ್ ಅಂಗಡಿಯವರು ಇದೇ ಊರಿನವರು, ಅಲ್ಲಿ ಅಂಗಡಿ ಹಾಕಿದ್ದು ಮಾತ್ರ ಈಚೆಗೆ, ನನ್ನದೇ ವಯಸ್ಸು. ಕತಾರಿನಲ್ಲಿ ನಮ್ಮವರು ವರ್ಲ್ಡ್ ಕಪ್ಪಿನ ಅರ್ಹತಾ ಪಂದ್ಯ ಸೋತು ಹೊರಬಿದ್ದ ಮರುದಿನ ಬೆಳಿಗ್ಗೆ ಅವರು ಫೋನು ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಗೆರೆ ದಾಟಿ ಹೋದ ಚೆಂಡನ್ನು ಒಳಗೆಳೆದು ಗೋಲು ಮಾಡಿದ್ದ ವಿಡಿಯೋ ಅದು.

"ನಮ್ಮ ನಸೀಬದಾಗ ಬರೀ ಮೋಸ ಬರದದ ನೋಡ್ರಿ," ಎಂದರು.

ನನಗೆ ಇಷ್ಟು ಸಿಕ್ಕರೆ ಸಾಕಲ್ಲ. ಬ್ರೆಜಿಲ್ಲಿನಿಂದ ಶುರುಮಾಡಿ ನಮ್ಮ ಹನ್ನೊಂದು ಮಂದಿಯವರೆಗೂ ಬಂದೆ. "ನಿಮ್ಮ ಊರಾಗೇ ನಮ್ಮನ್ನ ಬೂಟಿಲ್ಲಂತ ಹೊರಗ ಹಾಕಿದ್ರಿ," ಎಂದು ಛೇಡಿಸಿದೆ.

ಅವರು ಯಾವ ವರ್ಷವೆಂದು ಕೇಳಿದರು. ಹೇಳಿದೆ. ಫೋನನ್ನು ಜೇಬಿಗೆ ಹಾಕಿಕೊಂಡರು.

"ಹುಮನಾಬಾದಿನ ಟೀಮಿನಾಗ ನಾ ಇದ್ದೆ ಸಾಹುಕಾರ್ರೆ. ಬೂಟ್ ಯಾರಿಗಿದ್ವು? ನಾವೂ ಬರಿಗಾಲಿಲೇ ಆಡಿದವರು. ಮೊದಲ್ನೇ ಆಟ ನಿಮ್ಮ ಜೋಡಿನೇ ಇತ್ತು. ಅರ್ಧಾ ತಾಸು ಬಿಸಿಲಾಗ ನಿಂತು ಹಾದಿ ನೋಡೀವಿ. ಆಮ್ಯಾಲ ಸೀಟಿ ಊದಿ, ನೀವೇ ಗೆದ್ದೀರಿ ಅಂದ್ರು. ಕಲ್ಯಾಣದವರು ಅಂಜಿ ಮನ್ಯಾಗ ಕುಂತಾರ ಅಂತ ವರ್ಷಗಟ್ಲೆ ನಕ್ಕೀವಿ."

ಇಪ್ಪತ್ತು ವರ್ಷದಿಂದ ಈ ಊರಿನ ಬೀದಿಯಲ್ಲಿ ನಾನು ಎದೆ ಎತ್ತಿ ನಡೆದಿದ್ದೆ. ನನ್ನನ್ನು ಅಂಜುಬುರುಕ ಎಂದುಕೊಂಡವರ ನಡುವೆಯೇ ನಡೆದಿದ್ದೆ.

ಆ ಮಧ್ಯಾಹ್ನ ಬ್ರೆಜಿಲ್ಲಿನ ಕಥೆಯನ್ನೂ ಹುಡುಕಿ ನೋಡಿದೆ. ಅದೂ ಹಾಗೇ. ಹೋಗುವುದು ಬೇಡವೆಂದು ದೇಶದ ಫುಟ್‌ಬಾಲ್ ಸಂಘದ ಹಿರಿಯರೇ ತೀರ್ಮಾನಿಸಿದ್ದರಂತೆ. ಅವರಿಗೆ ಒಲಿಂಪಿಕ್ಸೇ ದೊಡ್ಡದಾಗಿ ಕಂಡಿತ್ತಂತೆ, ಹಡಗಿನ ದಾರಿ ಬಹಳ ದೂರವಾಗಿತ್ತಂತೆ. ಬರಿಗಾಲು ನಿಜವಾದ ಕಾರಣವೇ ಅಲ್ಲವಂತೆ, ಆಮೇಲೆ ಅಂಟಿಕೊಂಡ ಮಾತಂತೆ. ಎರಡು ವರ್ಷ ಕಳೆದು ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋಗಿ ಹತ್ತು ಗೋಲು ತಿಂದದ್ದನ್ನೂ ಅಲ್ಲೇ ಓದಿದೆ.

ಭಾನುವಾರ ಕಲ್ಯಾಣಕ್ಕೆ ಹೋದೆ. ಮಾಸ್ತರು ಮನೆಯ ಮುಂದೆ ಮೊಮ್ಮಕ್ಕಳ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಎಂಬತ್ತು ದಾಟಿದರೂ ಗಟ್ಟಿ ಇದ್ದಾರೆ. ಒಳಗೆ ಕೂರಿಸಿ ಸೊಸೆಯ ಕೈಯಿಂದ ಮಂಡಕ್ಕಿ ಒಗ್ಗರಣೆಯ ಬಿಸಿ ಸುಸಲಾ ತರಿಸಿದರು. ನಾನು ತಟ್ಟೆ ಮುಟ್ಟಲಿಲ್ಲ.

"ಸರ್, ಹುಮನಾಬಾದಿನಾಗ ಬೂಟ್ ಬೇಕಂತ ಯಾರ್ರಿ ಹೇಳಿದ್ರು?" ಎಂದೆ.

ಯಾವಾಗ, ಏನು ಎಂದು ಅವರು ಕೇಳಲೇ ಇಲ್ಲ.

"ಯಾರೂ ಹೇಳಿದ್ದಿಲ್ಲ ತಮ್ಮಾ. ಹಿಂದಿನ ದಿನ ಹೋದಾಗ ಅವರ ಹುಡುಗರು ಆಡಾಕತ್ತಿದ್ರು. ಒಬ್ಬೊಬ್ಬ ಎತ್ತಿನಂಗ ಇದ್ದ. ನಿಮ್ಮನ್ನ ಕರ್ಕೊಂಡು ಹೋಗಿದ್ರ ಮೈತುಂಬ ಗೋಲು ತಿಂದು ಅಳ್ಕೋತ ಬರ್ತಿದ್ರಿ. ಸೋತು ಬಂದಿದ್ರ ಇಷ್ಟು ವರ್ಷ ಏನು ಹೇಳ್ಕೋತಿದ್ದಿ ನೀ? ನಿಮ್ಮ ಇಜ್ಜತ್ ಉಳಿಸೀನಿ ನಾ."

"ಉಳಿದದ್ದು ನಿಮ್ಮ ಇಜ್ಜತ್ರಿ ಸರ್," ಎಂದೆ. "ಹೆಲ್ಸಿಂಕಿಯೊಳಗ ನಮ್ಮ ದೇಶದವರು ಹತ್ತು ಗೋಲು ತಿಂದ್ರು, ನೀವು ಒಮ್ಮೆನೂ ಹೇಳಲಿಲ್ಲ. ಅಷ್ಟು ಸೋತವರೇ ನಾಕು ವರ್ಷಕ್ಕ ಮೆಲ್ಬರ್ನಿಗೆ ಹೋಗಿ ನಾಕನೇದವರಾದ್ರು. ಸೋತಿದ್ರ ನಾವೂ ಮುಂದ ಆಡ್ತಿದ್ವಿ."

ಅವರು ತಟ್ಟೆಯನ್ನು ನನ್ನತ್ತ ಸರಿಸಿದರು. "ಸುಸಲಾ ಆರಾಕತ್ತದ, ತಿನ್ನು," ಎಂದರು.

ಗುರುಗಳ ಮನೆಯ ಅನ್ನಕ್ಕೆ ಬೆನ್ನು ತೋರಿಸಿದ್ದು ಅದೇ ಮೊದಲು. ಕಾಲಿಗೂ ಬೀಳದೆ ಎದ್ದು ಬಂದೆ. ಬಸ್ಸಿನಲ್ಲಿ ಬರುವಾಗ ಮನಸ್ಸು ಮತ್ತೆ ಮತ್ತೆ ಅವರ ಪರವಾಗಿ ವಾದಿಸುತ್ತಿತ್ತು. ಸೋಲುತ್ತೇವೆಂದು ಖಂಡಿತವಾಗಿ ಅನ್ನಿಸಿರಬೇಕು, ಹುಡುಗರ ಮೇಲಿನ ಮಮತೆಯಿಂದಲೇ ಹಾಗೆ ಮಾಡಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಮನೆ ಮುಟ್ಟುವ ಹೊತ್ತಿಗೆ ಅರ್ಧ ನಂಬಿಯೂ ಬಿಟ್ಟಿದ್ದೆ.

ಸೋಮವಾರ ಟೈರ್ ಅಂಗಡಿಯವರು ಬಂದು, ಅಂದು ಏನಾಗಿತ್ತು ಎಂದು ಕೇಳಿದರು.

"ಅಂಜಿದವರು ನಾವಲ್ರಿ, ನಮ್ಮ ಮಾಸ್ತರು," ಎಂದೆ. "ನಿಮ್ಮ ಆಟ ನೋಡಿ ಅಂಜಿದ್ರಂತ."

ಅವರಿಗೆ ನಗು ಬಂತು. "ನಮ್ಮ ಆಟಕ್ಕ ಅಂಜೋದೇನಿತ್ರಿ? ಮೈ ಇತ್ತು, ಆಟ ಎಲ್ಲಿತ್ತು? ಮರುದಿನಾನೇ ಚಿಟಗುಪ್ಪದವರು ನಮಗ ಏಳು ಗೋಲು ಹೊಡದು ಕಳಿಸಿದ್ರು. ಗೋಲಿನಾಗ ನಾನೇ ನಿಂತಿದ್ದೆ."

ಆ ಟೂರ್ನಮೆಂಟಿಗೆ ಹದಿನೈದು ದಿನ ಮೊದಲು ಅದೇ ಚಿಟಗುಪ್ಪದ ಹುಡುಗರು ನಮ್ಮ ಮೈದಾನಕ್ಕೆ ಬಂದು ಆಡಿದ್ದರು. ನಾವು ಅವರಿಗೆ ಮೂರು ಗೋಲು ಹೊಡೆದಿದ್ದೆವು, ಅವರಿಂದ ಒಂದೂ ಆಗಲಿಲ್ಲ. ಆ ದಿನ ರೆಫ್ರಿಯಾಗಿ ಸೀಟಿ ಹಿಡಿದು ನಿಂತಿದ್ದವರು ನಮ್ಮ ಮಾಸ್ತರೇ.