ಕತ್ತು ಬಗ್ಗಿದ ಹಂಸ

ನಮ್ಮ ಆಂಧ್ರದಲ್ಲೂ ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ನನಗೆ ನೆಪವೇ ಉಳಿಯಲಿಲ್ಲ. ಕಲ್ಯಾಣದುರ್ಗಕ್ಕೆ ಒಂದು ಸಲ ಬಂದು ಹೋಗು ಅಂತ ನನ್ನ ಗೆಳತಿ ಮೂರು ವರ್ಷದಿಂದ ಫೋನಿನಲ್ಲಿ ಕರೆಯುತ್ತಲೇ ಇದ್ದಳು. ಮಗ್ಗದ ಮೇಲೆ ಸೀರೆ ಇದೆ, ಮಂಡಿ ನೋವು, ಅದು ಇದು ಅಂತ ನಾನು ಸಾಗಹಾಕುತ್ತಿದ್ದೆ. ಕೊನೆಗೊಂದು ಶನಿವಾರ ಬೆಳಿಗ್ಗೆ ಹಿಂದೂಪುರದಲ್ಲಿ ಬಸ್ಸು ಹತ್ತಿ, ಕಂಡಕ್ಟರನಿಗೆ ಆಧಾರ್ ಕಾರ್ಡು ತೋರಿಸಿ, ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಭದ್ರವಾಗಿ ಪರ್ಸಿನಲ್ಲಿಟ್ಟುಕೊಂಡೆ. ಚೀಲದಲ್ಲಿ ಅವಳಿಗೆ ಇಷ್ಟವಾದ ಕಾಯಿ ಒಬ್ಬಟ್ಟು ಇತ್ತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ತಟ್ಟಿದ್ದು. ಆ ಒಬ್ಬಟ್ಟನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅವಳು ಪರಿಗಿ ಕಡೆಯ ಬೇಸಾಯದವರ ಮನೆಯ ಹೆಣ್ಣು. ಹನ್ನೆರಡು ವರ್ಷ ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದಳು. ರವಿಕೆಯ ತೋಳಿಗೆ, ಬೆನ್ನಿಗೆ ಕಸೂತಿ ಹಾಕಿಕೊಡುವುದು ಅವಳ ಕಸುಬು. ನಾವು ನೇಯ್ಗೆಯವರು. ನನ್ನ ಗಂಡ ತೀರಿಕೊಂಡ ಮೇಲೆ ನಾನು ತವರಿಗೇ ಬಂದುಬಿಟ್ಟೆ. ಒಂದೇ ಸೂರಿನಡಿ ಒಂದು ಕಡೆ ನಾನು, ಇನ್ನೊಂದು ಕಡೆ ಅಣ್ಣ ಅತ್ತಿಗೆ, ನಡುವೆ ಅಮ್ಮ, ಎಲ್ಲರಿಗೂ ಸೇರಿ ಒಂದು ಗುಂಡಿ ಮಗ್ಗ. ಗೆಳತಿಗೆ ನಮ್ಮ ಹಿಂದಿನ ಬಾಗಿಲೇ ದಾರಿ. ಒಲೆಯ ಮೇಲಿನ ಸಾರು ಉಕ್ಕಿದರೆ ಮೊದಲು ಓಡಿಬಂದು ಇಳಿಸುತ್ತಿದ್ದವಳು ಅವಳು.

ನನ್ನಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಸೀರೆಯ ಅಂಚಿನ ಚಿತ್ರಗಳನ್ನು ಚೌಕುಳಿ ಹಾಳೆಯ ಮೇಲೆ ಬರೆಯುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಹುಣಿಸೆ ಬೀಜ ಇಟ್ಟುಕೊಂಡು ಚೌಕ ಎಣಿಸುತ್ತಿದ್ದಳು. ಒಂದು ಸಲ ಹಂಸದ ಅಂಚು ಬರೆಯುವಾಗ ಬೀಜವೊಂದು ಉರುಳಿ, ಎಣಿಕೆ ತಪ್ಪಿ, ಹಂಸದ ಕತ್ತು ಕೆಳಗೆ ಬಗ್ಗಿತು. ಅಪ್ಪ ನೇಯ್ದು ಮುಗಿಸುವವರೆಗೆ ಯಾರೂ ಗಮನಿಸಿರಲಿಲ್ಲ. ಸರಿಪಡಿಸೋಣ ಎಂದರೆ ಅಮ್ಮ ಒಪ್ಪಲಿಲ್ಲ, ದೃಷ್ಟಿಬೊಟ್ಟಿನ ಹಾಗೆ ಇರಲಿ ಬಿಡಿ ಅಂದಳು. ಆ ಹಾಳೆಗಳನ್ನೆಲ್ಲ ಸೇರಿಸಿ, ಮಗ್ಗದಲ್ಲಿ ಉಳಿದ ಕೆಂಪು ರೇಷ್ಮೆ ದಾರದಿಂದ ಹೊಲಿದು ಪುಸ್ತಕ ಮಾಡಿದ್ದಳು. ಅವಳು ಹೋದ ಮೇಲೆ ಅವಳ ಕೈಯ ಗುರುತು ಅಂತ ನನಗೆ ಉಳಿದದ್ದು ಅದೊಂದೇ.

ಅಮ್ಮ ತೀರಿಕೊಂಡ ಮರುವರ್ಷದ ಯುಗಾದಿಗೆ ಮನೆ ಸಾರಿಸಿ ಸುಣ್ಣ ಬಳಿಯುವಾಗ ಆ ಪುಸ್ತಕ ಕಾಣೆಯಾಯಿತು. ಅಟ್ಟದ ಮೇಲಿನ ಹಳೇ ಪೇಪರನ್ನೆಲ್ಲ ಅತ್ತಿಗೆ ಅವತ್ತೇ ಗುಜರಿಯವನಿಗೆ ಹಾಕಿದ್ದಳು. ಸರಿ, ನನಗೆ ಅಷ್ಟೇ ಸಾಕಾಯಿತು. ಬಾಯಿಗೆ ಬಂದಂತೆ ಬೈದೆ. ಅತ್ತಿಗೆ ಮರುಮಾತಾಡದೆ ಒಳಗೆ ಹೋಗಿ, ಮಗ್ಗದ ಮೇಲೆ ಕೈಯಿಟ್ಟು, ನಾನು ಅದನ್ನು ಮುಟ್ಟಿಲ್ಲ ಅಂದಳು. ನಮ್ಮವರಲ್ಲಿ ಅದಕ್ಕಿಂತ ದೊಡ್ಡ ಆಣೆ ಇಲ್ಲ. ದೇವರ ಮುಂದೆ ಸುಳ್ಳು ಹೇಳಿದವರನ್ನು ನಾನು ಕಂಡಿದ್ದೇನೆ, ಮಗ್ಗ ಮುಟ್ಟಿ ಸುಳ್ಳು ಹೇಳಿದವರನ್ನು ಕಂಡಿಲ್ಲ. ಆದರೂ ನಾನು ನಂಬಲಿಲ್ಲ. ನನ್ನ ತಾಯಿಯ ಎಡೆಗೆ ಇನ್ನು ನಿನ್ನ ಕೈ ಸೋಕಕೂಡದು ಎಂದುಬಿಟ್ಟೆ. ಹಾಸಿಗೆ ಹಿಡಿದ ಅಮ್ಮನನ್ನು ಎರಡು ವರ್ಷ ಎತ್ತಿ ಕೂರಿಸಿ, ತೊಳೆದು ಬಳಿದು ನೋಡಿಕೊಂಡ ಕೈಗೆ ನಾನು ಹೇಳಿದ ಮಾತು ಅದು.

ಗೆಳತಿ ಅವತ್ತು ಪಕ್ಕದಲ್ಲೇ ನಿಂತಿದ್ದಳು. ಮನೆ ಸಾರಿಸಲು ಬೆಳಿಗ್ಗೆಯಿಂದ ನಮಗೆ ಜೊತೆಯಾಗಿದ್ದವಳೂ ಅವಳೇ. ನನ್ನ ಬೆನ್ನು ಸವರಿ, ಸೊಸೆಯಾಗಿ ಬಂದ ಹೆಣ್ಣುಮಕ್ಕಳಿಗೆ ಅತ್ತೆಯ ವಸ್ತುವಿನ ಬೆಲೆ ಎಲ್ಲಿ ಗೊತ್ತಾಗುತ್ತದೆ ಎಂದಳು. ಎಷ್ಟು ಹಿತವಾಗಿತ್ತು ಆ ಮಾತು! ಎರಡು ತಿಂಗಳಿಗೆ ಅವಳ ಗಂಡನಿಗೆ ಕಲ್ಯಾಣದುರ್ಗದ ಕಡಲೆಕಾಯಿ ಮಿಲ್ಲಿನಲ್ಲಿ ಕೆಲಸ ಸಿಕ್ಕಿ ಅವರು ಹೊರಟುಹೋದರು. ಲಗೇಜು ಆಟೋದ ಹಿಂದೆ ಬೀದಿಯ ಕೊನೆಯವರೆಗೂ ಅಳುತ್ತಾ ಹೋದೆ.

ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ ಮಧ್ಯಾಹ್ನಕ್ಕೆ ಕಲ್ಯಾಣದುರ್ಗ ಮುಟ್ಟಿದೆ. ಅವಳು ಮೈಕೈ ತುಂಬಿಕೊಂಡಿದ್ದಳು. ಮನೆಯ ಮುಂಭಾಗವೇ ಅಂಗಡಿಯಾಗಿತ್ತು. ಕಂಪ್ಯೂಟರ್ ಕಸೂತಿ ಮಷೀನು, ಗೋಡೆಯುದ್ದಕ್ಕೂ ನೇತುಹಾಕಿದ ರವಿಕೆಗಳು. ಒಂದು ಹಸಿರು ರವಿಕೆಯ ತೋಳಿನ ಮೇಲೆ ನನ್ನ ಕಣ್ಣು ನೆಟ್ಟಿತು. ಹಂಸ. ಕತ್ತು ಬಗ್ಗಿದ ಹಂಸ. ಇದು ನಮ್ಮಮ್ಮನದಲ್ಲವೇ ಎಂದೆ. ಅವಳು ನಕ್ಕಳು. ಅಜ್ಜಿಯ ಹಂಸವನ್ನು ಮರೆಯುವುದುಂಟೇ, ನೆನಪಿನಿಂದಲೇ ಬರೆದೆ ಎಂದಳು. ನನ್ನ ಕಣ್ಣು ತುಂಬಿಬಂತು. ಹೆತ್ತ ಮಗಳು ಪುಸ್ತಕ ಕಳೆದುಕೊಂಡು ಕೂತಿರುವಾಗ ಪಕ್ಕದ ಮನೆಯವಳು ನೆನಪಿಟ್ಟುಕೊಂಡಳಲ್ಲ ಎಂದು ಅವಳ ಕೈ ಹಿಡಿದುಕೊಂಡೆ. ಥೂ, ನನ್ನ ಕಣ್ಣೀರಿಗಿಷ್ಟು!

ಸಂಜೆ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದು, ಅತ್ತಿಗೆ ಈಗಲಾದರೂ ಒಪ್ಪಿಕೊಂಡಳಾ ಎಂದು ಕೇಳಿದಳು. ಇಲ್ಲ ಎಂದೆ. ಲೊಚಗುಟ್ಟಿ, ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಭಾನುವಾರ ಬೆಳಿಗ್ಗೆ ಮಂಡಕ್ಕಿಯ ಉಗ್ಗಾನಿ, ಮೆಣಸಿನಕಾಯಿ ಬಜ್ಜಿ ತಿನ್ನಿಸಿ ಕೋಳಿ ತರಲು ಪೇಟೆಗೆ ಹೋದಳು. ಗಂಡ ಮಿಲ್ಲಿಗೆ ಹೋಗಿಯಾಗಿತ್ತು. ಅಷ್ಟರಲ್ಲಿ ಕುಂದುರ್ಪಿಯಿಂದ ಮಗಳ ಮದುವೆ ರವಿಕೆಗೆಂದು ಒಬ್ಬಾಕೆ ಬಂದಳು. ಅಂಗಡಿಯ ಪರಿಚಯ ಚೆನ್ನಾಗಿದ್ದವಳು ಅಂತ ಕಾಣುತ್ತದೆ, ಚಪ್ಪಲಿ ಬಿಟ್ಟು ಸೀದಾ ಒಳಗೆ ಬಂದು ಕೂತಳು. ಫೋನಿನಲ್ಲಿರುವ ಡಿಸೈನುಗಳು ಬೇಡವಂತೆ. ಮಷೀನಿನ ಮೇಲೆ ಹುಡುಕಿ ನನ್ನ ಕಡೆ ತಿರುಗಿದಳು.

"ಆ ಎರ್ರ ದಾರಂ ಪುಸ್ತಕಂ ಏದಿ ಅಕ್ಕಾ?"

ಕೆಂಪು ದಾರದ ಪುಸ್ತಕ ಎಲ್ಲಿ ಎಂದು. ಯಾವ ಪುಸ್ತಕ ಎಂದೆ. ಹಳೆಯದು, ಅವರ ಅಜ್ಜಿ ಕೈಯಲ್ಲಿ ಬರೆದದ್ದಂತೆ, ಯಾವಾಗಲೂ ಇಲ್ಲೇ ಇರುತ್ತದೆ ಎಂದು ಹೇಳುತ್ತಲೇ ಆಕೆ ಮಷೀನಿನ ಕೆಳಗಿನ ಬಟ್ಟೆಗಂಟನ್ನು ಸರಿಸಿದಳು. ಇಗೋ ಇದೆಯಲ್ಲ ಎಂದು ನನ್ನ ಕೈಗೇ ಕೊಟ್ಟಳು. ಮೊದಲ ಹಾಳೆಯ ಮೂಲೆಯಲ್ಲಿ ಅಮ್ಮ ಹಚ್ಚಿದ್ದ ಅರಿಶಿನ ಹಾಗೇ ಇತ್ತು. ಅವರ ಅಜ್ಜಿಯಂತೆ!

ಆಕೆಯನ್ನು ಆಮೇಲೆ ಬನ್ನಿ ಎಂದು ಕಳಿಸಿ, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗೆಳತಿ ಬಂದಳು, ನೋಡಿದಳು. ಕೋಳಿಯ ಕವರನ್ನು ಮೆಲ್ಲಗೆ ಬಾಗಿಲ ಬಳಿ ಇಟ್ಟಳು.

"ಕೇಳಿದ್ರೆ ಕೊಡ್ತಿದ್ಯಾ ನೀನು?" ಎಂದಳು.

"ಕೊಡ್ತಿದ್ದೆ ಕಣೇ. ನಿಂಗೆ ಕೊಡ್ದೆ ಇನ್ಯಾರಿಗೆ ಕೊಡ್ತಿದ್ದೆ?"

ದೇವರಾಣೆ, ಕೊಡುತ್ತಿದ್ದೆ. ಅವಳು ಅಳಲು ಶುರುಮಾಡಿದಳು. ಎರಡು ದಿನ ಇಟ್ಟುಕೊಂಡು, ನಕಲು ತೆಗೆದು, ತಂದಿಡುವ ಯೋಚನೆಯಿತ್ತಂತೆ. ಅಷ್ಟರಲ್ಲಿ ನಾನು ಬೀದಿಗೆ ಕೇಳುವಂತೆ ರಂಪ ಮಾಡಿದೆನಂತೆ. ಆಮೇಲೆ ಹೆಂಗೆ ತಂದುಕೊಡಲಿ ಅಂದಳು. ನಾನು ಬರುವುದಿಲ್ಲ ಎಂಬ ಧೈರ್ಯದಲ್ಲೇ ಇವಳು ಮೂರು ವರ್ಷ ನನ್ನನ್ನು ಕರೆದದ್ದು ಎಂದು ಆಗ ಹೊಳೆಯಿತು.

"ಪುಸ್ತಕ ಹಾಳಾಗಿ ಹೋಗ್ಲಿ. ನಮ್ಮತ್ತಿಗೇನ ಯಾಕೆ ಕಳ್ಳಿ ಮಾಡ್ದೆ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನೆಲ್ಲಿ ಮಾಡ್ದೆ? ಮಾಡಿದ್ದು ನೀನು. ನಾನು ಸುಮ್ಕಿದ್ದೆ ಅಷ್ಟೇ ಕಣೇ."

ಸುಮ್ಮನಿದ್ದಳಂತೆ! ಉರಿಯುವ ಬೆಂಕಿಗೆ ತುಪ್ಪ ಸುರಿದು ಬೆನ್ನು ಸವರಿದವಳು. ನಿನ್ನೆ ಸಂಜೆಯೂ ನನ್ನ ತಟ್ಟೆಗೆ ಬಡಿಸುತ್ತಾ ಅದೇ ಹೆಣ್ಣಿನ ತಪ್ಪು ಕೇಳಿದವಳು. ಹನ್ನೆರಡು ವರ್ಷ ನನ್ನ ಉಪ್ಪು ತಿಂದವಳು. ಅವಳ ಕೆನ್ನೆಗೆ ಬಾರಿಸಬೇಕೆನಿಸಿತು, ಕೈ ಏಳಲಿಲ್ಲ. ಯಾಕೆಂದರೆ ಅವಳ ಮಾತಿನಲ್ಲಿ ಅರ್ಧ ನಿಜವಿತ್ತು. ಒಬ್ಬಟ್ಟಿನ ಡಬ್ಬಿ ಅಲ್ಲೇ ಬಿಟ್ಟು, ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೊರಟೆ. ಅವಳು ಬಸ್ ಸ್ಟ್ಯಾಂಡಿನವರೆಗೂ ನನ್ನ ಹಿಂದೆಯೇ ಬಂದಳು. ನಾನು ತಿರುಗಿ ನೋಡಲಿಲ್ಲ.

ದಾರಿಯುದ್ದಕ್ಕೂ ಅತ್ತಿಗೆಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೆ. ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅತ್ತಿಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಪುಸ್ತಕವನ್ನು ಅವಳ ಮುಂದೆ, ನೇಯ್ದ ಸೀರೆಯ ಮೇಲೆ ಇಟ್ಟೆ. ಕೆಂಪು ದಾರ ಕಂಡ ಕೂಡಲೇ ಅವಳ ಕಾಲು ನಿಂತಿತು.

ಎಲ್ಲಿತ್ತು ಎಂದು ಕೇಳಿದಳು. ಹೇಳಿದೆ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿ, ತಪ್ಪಾಯಿತು ಅತ್ತಿಗೆ, ಈ ಸಲದ ಎಡೆ ನೀನೇ ಬಡಿಸಬೇಕು ಎಂದಷ್ಟೇ ಬಂತು. ಅಳುತ್ತಾಳೆ, ಬೈಯುತ್ತಾಳೆ, ಏನಾದರೂ ಮಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಪುಸ್ತಕವನ್ನು ಮುಟ್ಟಲೂ ಇಲ್ಲ.

"ನಾನು ಮಗ್ಗ ಮುಟ್ಟಿ ಹೇಳಿದ್ದೆ ಕಣಮ್ಮ," ಅಂದಳು. "ಇದು ಸಿಗ್ದೇ ಹೋಗಿದ್ರೆ?"

ಆಮೇಲೆ ಪುಸ್ತಕವನ್ನು ಎತ್ತಿಕೋ ಎಂದು ಕಣ್ಣಲ್ಲೇ ಹೇಳಿ, ಲಾಳಿ ಕೈಗೆ ತೆಗೆದುಕೊಂಡಳು.