ದಿನ ಬಿಟ್ಟು ದಿನ ಅರ್ಧ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೇವಾಪುರದ ಭೀಮಣ್ಣನ ಹೊಂಡದಲ್ಲಿ ಮೀನುಗಳ ಉಸಿರು ಕಟ್ಟಿಸಿದವನು ನಾನೇ. ವಿಷ ಹಾಕಲಿಲ್ಲ, ಕಲ್ಲು ಎಸೆಯಲಿಲ್ಲ. ಒಂದು ಸರಿಯಾದ ಸಲಹೆ ಕೊಟ್ಟೆ, ಅಷ್ಟೇ.

ನಾನು ಸುರಪುರದವನು. ಡಿಗ್ರಿ ಮುಗಿಸಿ ಈಗ ಒಬ್ಬ ಸಂಶೋಧಕರ ಕೈಕೆಳಗೆ ಡಕ್‌ವೀಡ್ ಬೆಳೆಸುತ್ತೇನೆ. ನಿಂತ ನೀರಿನ ಮೇಲೆ ಎಳ್ಳು ಚೆಲ್ಲಿದಂತೆ ತೇಲುತ್ತದಲ್ಲ, ಆ ಹಸಿರು ಕಾಳು. ನಮ್ಮ ಕಡೆ ಅದಕ್ಕೆ ಬೇರೆ ಹೆಸರಿಡುವ ಗೋಜಿಗೆ ಯಾರೂ ಹೋಗಿಲ್ಲ, ಎಲ್ಲವೂ ಪಾಚಿಯೇ. ಟಬ್ಬಿನಿಂದ ಅದನ್ನು ಚಹಾ ಸೋಸುವ ಜರಡಿಯಲ್ಲಿ ಎತ್ತಿ, ನೀರು ಬಸಿದು, ತೂಗಿ ಬರೆಯುವುದು ನನ್ನ ಉದ್ಯೋಗ. ನಮ್ಮ ಅವ್ವನಿಗೆ ಇದೊಂದು ಸಂಕಟ. “ಮಂದಿ ಕೇಳಿದ್ರ ಏನಂತ ಹೇಳ್ಲೋ? ನನ್ನ ಮಗ ಪಾಚಿ ತೂಗ್ತಾನ ಅಂತ ಹೇಳ್ಲೇನು?” ಎನ್ನುತ್ತಾಳೆ. ನಾನು ‘ವಿಜ್ಞಾನಿ ಅನ್ನು’ ಎಂದರೆ, ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡುತ್ತಾಳೆ. ಸಂಬಂಧ ಕೂಡಿಸಲು ಬಂದವರ ಎದುರು ಮಾತ್ರ ‘ಸರ್ಕಾರಿ ಪಾಚಿ’ ಎಂದಿದ್ದಳಂತೆ.

ಆದರೆ ಈ ಗಿಡ ಸಾಮಾನ್ಯದ್ದಲ್ಲ. ಇದಕ್ಕೆ ಕಾಂಡವಿಲ್ಲ. ಎಲೆ ಎನ್ನಲೂ ವಿಜ್ಞಾನಿಗಳಿಗೆ ಸಂಕೋಚ. ಇದರ ದಾಯಾದಿಗಳಲ್ಲಿ ಕೆಲವಕ್ಕೆ ಬೇರೂ ಇಲ್ಲ. ಹೂ ಬಿಡುವ ಗಿಡಗಳಲ್ಲೇ ಅತಿ ಚಿಕ್ಕದು ಈ ಮನೆತನದ್ದು, ಆದರೆ ಹೂ ಬಿಡುವ ಉಸಾಬರಿಗೂ ಹೋಗುವುದು ಅಪರೂಪ. ತನ್ನ ಮಗ್ಗುಲಲ್ಲೇ ತನ್ನದೊಂದು ನಕಲು ಹುಟ್ಟಿಸುತ್ತದೆ, ಅದು ಇನ್ನೊಂದನ್ನು. ಗಟಾರದ ನೀರಲ್ಲಿ ಬಿಟ್ಟರೆ ಅಲ್ಲಿನ ಸಾರಜನಕ, ರಂಜಕ ಎಲ್ಲ ತಿಂದು ನೀರು ತಿಳಿ ಮಾಡುತ್ತದೆ. ಒಳ್ಳೆಯ ನೀರಲ್ಲಿ ಬೆಳೆದರೆ ಕೋಳಿಗೂ ಮೀನಿಗೂ ಪೌಷ್ಟಿಕ ಮೇವು. ಪೂರ್ವದ ಕೆಲವು ದೇಶಗಳಲ್ಲಿ ಜನ ಇದರ ತಂಗಿಯೊಂದನ್ನು ಪಲ್ಯ ಮಾಡಿ ಉಣ್ಣುತ್ತಾರೆ. ಗಟಾರ ತೊಳೆದದ್ದನ್ನೇ ಮೇವಿಗೂ ಹಾಕುವಂತಿಲ್ಲ ಅನ್ನುವುದೊಂದೇ ಎಚ್ಚರ. ಸೀಸದಂಥ ವಿಷವನ್ನೂ ಅದು ಮುಲಾಜಿಲ್ಲದೆ ನುಂಗಿರುತ್ತದೆ. ನಕಲು ಮಾಡುವ ಜಾತಿಯಾದ್ದರಿಂದ ನನಗೂ ಅದಕ್ಕೂ ಬೇಗ ದೋಸ್ತಿಯಾಯಿತು. ಅದು ತನ್ನನ್ನು ನಕಲು ಮಾಡುತ್ತದೆ, ನಾನು ಮಂದಿಯನ್ನು.

ಭೀಮಣ್ಣ ಹೊಳೆಯ ಮೀನುಗಾರ. ಡ್ಯಾಮಿನಿಂದ ನೀರು ಬಿಟ್ಟ ದಿನವೂ ಕೃಷ್ಣೆಗಿಳಿದು ಬಲೆ ಬೀಸುವವನು. ಈಗ ಮೊಣಕಾಲು ಸೋತಿದೆ. ಹೋದ ವರ್ಷ ಒಮ್ಮೆ ಸೆಳವಿಗೆ ಸಿಕ್ಕು ಹೇಗೋ ದಂಡೆ ಕಂಡಿದ್ದ. ಅಂದಿನಿಂದ ಅವನ ಹೆಂಡತಿ ಶರಣಮ್ಮಕ್ಕ ಹಟ ಹಿಡಿದು, ಹೊಲದ ಮೂಲೆಯಲ್ಲಿ ಹೊಂಡ ತೋಡಿಸಿ ಕಾಟ್ಲಾ, ಹುಲ್ಲುಗೆಂಡೆ ಮೀನಿನ ಮರಿ ಬಿಡಿಸಿದ್ದಳು. ಲೆಕ್ಕ ಸರಳ: ಹೊಂಡ ಕೈ ಹಿಡಿದರೆ ಗಂಡ ಹೊಳೆಗಿಳಿಯುವುದಿಲ್ಲ. ಹುಲ್ಲುಗೆಂಡೆಗೆ ಡಕ್‌ವೀಡ್ ಅಂದರೆ ಪ್ರಾಣ. ಹೀಗಾಗಿ ನಮ್ಮ ಸರ್ ತಾವೇ ಬಂದು ನೋಡಿ ಪ್ರಯೋಗಕ್ಕೆ ಆ ಹೊಂಡ ಆರಿಸಿ, ಒಂದು ಬಕೆಟ್ ಬೀಜದ ಪಾಚಿ ಕೊಟ್ಟು ನನ್ನನ್ನು ಕಳಿಸಿದರು.

ಸರ್ ಮೈಸೂರು ಸೀಮೆಯವರು. ಮೂರು ಸಲ ಗಂಟಲು ಸರಿಮಾಡಿಕೊಳ್ಳದೆ ಮಾತು ಶುರುಮಾಡುವವರಲ್ಲ. ಹೊಂಡದ ಒಡ್ಡಿನ ಮೇಲೆ ಹತ್ತು ಜನ ಸೇರಿದ್ದರು. ಹತ್ತು ಜನ ಕಂಡರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಥೇಟ್ ಸರ್ ಹಾಗೆ ಪ್ಯಾಂಟನ್ನು ಹೊಟ್ಟೆಯ ಮೇಲೆ ಏರಿಸಿ, ಮೂರು ಸಲ ಕೆಮ್ಮಿ, “ನೋಡ್ರಪ್ಪಾ, ದಿನ ಬಿಟ್ಟು ದಿನ ಅರ್ಧ ತೆಗೆದು ಹಾಕ್ಲೇಬೇಕು ಕಣ್ರಪ್ಪಾ. ಪೂರಾ ಮುಚ್ಚಿಕೊಂಡ್ರೆ ಮೀನಿಗೆ ಉಸಿರಾಡೋಕೆ ಆಗಲ್ಲ ಕಣ್ರಪ್ಪಾ” ಎಂದೆ. ಒಡ್ಡಿಗೆ ಒಡ್ಡೇ ನಕ್ಕಿತು. ಭೀಮಣ್ಣ ಕಣ್ಣೊರೆಸಿಕೊಂಡು, “ಇನ್ನೊಮ್ಮಿ ಅನ್ನಪಾ” ಎಂದ. ನಾಲ್ಕು ಸಲ ಅಂದೆ. ಇಷ್ಟು ಒತ್ತಿ ಹೇಳಿದ ಕೃಷಿ ಸಲಹೆ ಈ ತಾಲ್ಲೂಕಿನಲ್ಲಿ ಇನ್ನೊಂದಿರಲಿಕ್ಕಿಲ್ಲ.

ಪಾಚಿ ಎರಡು ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಇಮ್ಮಡಿಯ ಗುಣವೇ ಮೋಸದ್ದು. ಅರ್ಧ ಹೊಂಡ ಹಸಿರಾಗುವತನಕ ‘ಇನ್ನೂ ಅರ್ಧ ಐತಿ’ ಅನ್ನಿಸುತ್ತದೆ, ಉಳಿದರ್ಧಕ್ಕೆ ಒಂದೇ ಹೆಜ್ಜೆ. ಅತ್ತ ನಾನು ಯಾದಗಿರಿಯಲ್ಲಿ ಗೆಳೆಯನ ಮದುವೆಯಲ್ಲಿ ಬೀಗರ ದನಿ ಮಾಡುತ್ತ ಒಂದು ವಾರ ಉಳಿದೆ.

ಊರಿಗೆ ಮರಳಿದ ಮರುದಿನ ನಸುಕಿಗೆ ಫೋನ್ ಬಂತು. “ತಮ್ಮಾ, ಮೀನೆಲ್ಲಾ ಮ್ಯಾಲ ಬಂದು ಬಾಯಿ ಬಿಡಾಕತ್ಯಾವು. ನೀ ಬರ್ತಿಯೋ ಇಲ್ಲೋ?” ಶರಣಮ್ಮಕ್ಕನ ದನಿ. ಸರ್‌ಗೆ ಹೇಳಿ ಓಡಿದೆ. ಹೊಂಡದಲ್ಲಿ ನೀರೇ ಕಾಣಲಿಲ್ಲ, ಹಸಿರು ಜಮಖಾನೆ ಹಾಸಿದಂತಿತ್ತು. ಅದನ್ನು ಅಲ್ಲಲ್ಲಿ ಸೀಳಿ ಮೇಲೆ ಬಂದ ಮೀನುಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಶರಣಮ್ಮಕ್ಕ ತನ್ನ ಹಳೆಯ ಸೀರೆಯೊಂದನ್ನು ತಂದು ಮಡಿಕೆ ಬಿಡಿಸಿ ಉದ್ದಕ್ಕೆ ಹಿಡಿದಳು. ಒಂದು ತುದಿ ಅವಳದು, ಇನ್ನೊಂದು ನನ್ನದು. ಎದೆಮಟ್ಟ ನೀರಲ್ಲಿ ಎಳೆದೆಳೆದು ಪಾಚಿಯನ್ನು ದಂಡೆಗೆ ತಂದೆವು. ಭೀಮಣ್ಣ ಕುಂಟುತ್ತ ಪಂಪು ಹಚ್ಚಿ, ಹೊಂಡದ ನೀರನ್ನೇ ಎತ್ತರದಿಂದ ಹೊಂಡಕ್ಕೆ ಸುರಿದ. ಬಿಸಿಲೇರುವ ಹೊತ್ತಿಗೆ ಮೀನುಗಳು ಕೆಳಗಿಳಿದವು. ಒಂದು ಬುಟ್ಟಿಯಷ್ಟು ಇಳಿಯಲಿಲ್ಲ.

ಸರ್ ಬಂದರು. ದಂಡೆಯ ಮೇಲಿನ ರಾಶಿಯನ್ನು ಊರ ಕೋಳಿಗಳು ಆಗಲೇ ಹಂಚಿಕೊಳ್ಳುತ್ತಿದ್ದವು. “ಇವನು ನಿಮಗೆ ಹೇಳ್ಲಿಲ್ವಾ?” ಎಂದು ಕೇಳಿದರು. ಭೀಮಣ್ಣ ಪ್ರಾಮಾಣಿಕ ಮನುಷ್ಯ. “ಹೇಳ್ಯಾನ್ರಿ ಸರ್, ಒಂದಕ್ಷರ ಬಿಟ್ಟಿಲ್ರಿ. ನಾವು ನಕ್ಕೇವ್ರಿ.” “ಅದರಲ್ಲಿ ನಗೋದೇನಿದೆ?” ಸರ್ ಮೂರು ಸಲ ಗಂಟಲು ಸರಿಮಾಡಿಕೊಂಡು, “ದಿನ ಬಿಟ್ಟು ದಿನ ಅರ್ಧ ತೆಗೀಬೇಕು ಕಣ್ರಪ್ಪಾ” ಎಂದರು. ಎಲ್ಲರೂ ಕೆಳಗೆ ನೋಡಿದರು. ಪಾಪ, ಸರ್ ನನ್ನ ನಕಲಿನಷ್ಟು ಚೆನ್ನಾಗಿ ಹೇಳಲಿಲ್ಲ. ಆದರೆ ಈ ಸಲ ಯಾರೂ ನಗಲಿಲ್ಲ, ನನಗೂ ನಗು ಬರಲಿಲ್ಲ. ಸತ್ತ ಮೀನಿನ ಬುಟ್ಟಿ ಎದುರಿಗಿತ್ತು.

ಸರ್ ಹೋದ ಮೇಲೆ ಶರಣಮ್ಮಕ್ಕನ ಹತ್ತಿರ ಹೋದೆ. ಅವಳು ಸೀರೆ ಹಿಂಡುತ್ತಿದ್ದಳು. ತಪ್ಪಾಯಿತೆಂದೆ. ಹೊಂಡಕ್ಕೆ ಏನೂ ಆಗಗೊಡುವುದಿಲ್ಲವೆಂದೆ. ಭೀಮಣ್ಣ ಮತ್ತೆ ಹೊಳೆಗಿಳಿಯುವ ಪ್ರಸಂಗವೇ ಬರದಂತೆ ನೋಡಿಕೊಳ್ಳುತ್ತೇನೆ, ಇನ್ನು ದಿನ ಬಿಟ್ಟು ದಿನ ನಾನೇ ಬರುತ್ತೇನೆಂದೆ. ಇನ್ನೂ ಏನೇನೋ ಹೇಳುವವನಿದ್ದೆ. ಅವಳು ಸೀರೆ ಕೊಡವಿ ಬೇಲಿಯ ಮೇಲೆ ಹಾಕಿ ಹೇಳಿದಳು:

“ಬಾ ತಮ್ಮಾ, ಯಾರ್ ಬ್ಯಾಡಂತಾರ. ಬಾಯಿ ಮನ್ಯಾಗಿಟ್ಟು, ಎರಡೂ ಕೈ ತೊಗೊಂಡ್ ಬಾ.”